ಬಟ್ಟೆ ಬಿಚ್ಚಿಸದ ಸಿಸ್ಟರ್

ಹೆಂಗಸರು ನನ್ನ ಗುರುತು ಹೇಳುತ್ತಿದ್ದದ್ದು ಹಾಗೆ. ಬಸರೀಕಟ್ಟೆಯ ತೋಟಗಳಿಂದ ಜೀಪಿನಲ್ಲಿ ಬಂದವರು, ಕೆರೆಕಟ್ಟೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರು, ಚೀಟಿ ಕೊಡುವ ಕಿಟಕಿಯಲ್ಲೇ ವಿಚಾರಿಸುತ್ತಿದ್ದರು. "ಆ ಸಿಸ್ಟರ್ ಇದಾರಾ ಇವತ್ತು? ಬಟ್ಟೆ ಬಿಚ್ಚಿಸ್ದೆ ಇಸಿಜಿ ತೆಗಿತಾರಲ್ಲ, ಅವರು." ಇದ್ದೇನೆಂದು ಗೊತ್ತಾದರೆ ಬೆಂಚಿನ ಮೇಲೆ ನೆಮ್ಮದಿಯಾಗಿ ಕೂರುತ್ತಿದ್ದರು. ಇಲ್ಲವೆಂದಾದರೆ, ನಾಳೆ ಬರ್ತೇವೆ ಬಿಡಿ ಎಂದು ಎದೆನೋವನ್ನು ನಾಳೆಗೆ ಇಟ್ಟುಕೊಂಡು ಎದ್ದು ಹೋದವರೂ ಇದ್ದಾರೆ. ಅದನ್ನೆಲ್ಲ ಕೇಳಿ ನಾನು ಹಿಗ್ಗುತ್ತಿದ್ದೆ. ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ಕಡೆಯ ಆಸ್ಪತ್ರೆಗಳಲ್ಲೂ ಕೆಲಸ ಮಾಡಿದ್ದೇನೆ. ಇದು ಎಲ್ಲಿ ನಡೆದದ್ದೆಂದು ಹೇಳುವುದಿಲ್ಲ. ತಪ್ಪು ಊರಿನದಲ್ಲ, ಆಸ್ಪತ್ರೆಯದೂ ಅಲ್ಲ, ನನ್ನದು. ನನ್ನ ಬಾಯಿ ಜೋರು ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ವಾರ್ಡಿನಲ್ಲಿ ಕೂಗಿ ಕೂಗಿ ಸ್ವರವೇ ಹಾಗಾಗಿದೆ, ಮನೆಯಲ್ಲಿ ಉಪ್ಪು ಕೇಳಿದರೂ ಬೈದ ಹಾಗೆ ಕೇಳಿಸುತ್ತದಂತೆ. ಅಂಥ ಬಾಯಿ ಒಂದೇ ಒಂದು ವಿಷಯದಲ್ಲಿ ಎರಡು ವರ್ಷ ಹೊಲಿದುಕೊಂಡು ಕೂತಿತ್ತು.

ಇಸಿಜಿ ತೆಗೆಯುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಕೈಕಾಲಿಗೆ ನಾಲ್ಕು ಕ್ಲಿಪ್ಪು, ಎದೆಗೆ ಆರು ರಬ್ಬರ್ ಬಲ್ಬು. ಕ್ಲಿಪ್ಪು ಯಾರು ಬೇಕಾದರೂ ಹಾಕಬಹುದು. ಇರುವುದೆಲ್ಲ ಎದೆಯ ಬಲ್ಬಿನಲ್ಲಿ. ಪಕ್ಕೆಲುಬನ್ನು ಬೆರಳಿನಿಂದ ಎಣಿಸಿಕೊಂಡು ಬಂದು, ನಾಲ್ಕನೆಯ ಸಂದಿಯಲ್ಲಿ ಎದೆಮೂಳೆಯ ಆಚೆಗೊಂದು ಈಚೆಗೊಂದು ಇಡಬೇಕು. ಉಳಿದ ನಾಲ್ಕು ಮೊಲೆಯ ಕೆಳಗಿನಿಂದ ಸುತ್ತಿಕೊಂಡು ಕಂಕುಳಿನ ಕಡೆಗೆ ಹೋಗಬೇಕು. ಎರಡು ಬೆರಳು ಮೇಲೆ ಇಟ್ಟರೂ ಯಂತ್ರ ಬೇರೆಯದೇ ಜಾಗದ ಸುದ್ದಿ ಬರೆಯುತ್ತದೆ. ಕಾಗದ ಮಾತ್ರ ಚಂದವಾಗಿಯೇ ಹೊರಗೆ ಬರುತ್ತದೆ, ನೋಡಿದವರಿಗೆ ಏನೂ ಅನುಮಾನ ಬರುವುದಿಲ್ಲ.

ನಾನು ಕೆಲಸ ಕಲಿತದ್ದು ಶೃಂಗೇರಿಯ ಕಡೆ, ಒಬ್ಬ ಹಿರಿಯ ಸಿಸ್ಟರ್ ಕೈಕೆಳಗೆ. "ಹೆಂಗಸರ ಮಾನ ಮೊದಲು ಮಾರಾಯ್ತಿ, ಮೆಷಿನ್ ಆಮೇಲೆ," ಎಂದು ಅವರು ಹೇಳಿಕೊಟ್ಟಿದ್ದರು. ಅವರ ಕ್ರಮ ಹೀಗೆ: ಪರದೆ ಎಳೆಯುವುದು, ಕುಪ್ಪಸದ ಮೇಲಿನ ಎರಡು ಹುಕ್ಕು ಮಾತ್ರ ಸಡಿಲಿಸುವುದು, ಕಣ್ಣನ್ನು ಗೋಡೆಯ ಕಡೆ ಇಟ್ಟು ಸೆರಗಿನೊಳಗೆ ಕೈ ಹಾಕಿ ಅಂದಾಜಿನಲ್ಲಿ ಬಲ್ಬು ಒತ್ತುವುದು. ಕೆಳಗಿನವಕ್ಕೆ ಜಾಗ ಸಿಗದಿದ್ದರೆ ಮೇಲೆಯೇ ಒತ್ತಿಬಿಡುವುದು. ಹೆಣ್ಣು ಡಾಕ್ಟರೇ ಇರದಿದ್ದ ಆ ದಿನಗಳಲ್ಲಿ, ಕುಪ್ಪಸ ಬಿಚ್ಚಿ ಎಂದರೆ ಮಂಚದಿಂದ ಇಳಿದು ಓಡುವವರಿದ್ದರು. ಆ ಹಿರಿಯ ಸಿಸ್ಟರ್ ಮಟ್ಟಿಗೆ ಅದು ದಯೆಯೇ ಆಗಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಅದು ಸೋಮಾರಿತನವೂ ಆಗಿತ್ತು. ಹುಕ್ಕು ಬಿಚ್ಚಿ, ಎಣಿಸಿ, ಒರೆಸಿ, ಮತ್ತೆ ಹುಕ್ಕು ಹಾಕಿಸುವ ಹೊತ್ತಿನಲ್ಲಿ ನನ್ನ ಕ್ರಮದಲ್ಲಿ ಇಬ್ಬರು ಮುಗಿಯುತ್ತಿದ್ದರು. ಒಮ್ಮೆ ತರಬೇತಿಗೆ ಕರೆದು ಗೋಡೆಗೆ ಚಿತ್ರ ಹಾಕಿ ಎಲ್ಲ ತೋರಿಸಿದರು. ಇವರಿಗೇನು ಗೊತ್ತು, ನಮ್ಮ ಕಡೆ ಹೆಂಗಸರೇ ಬೇರೆ ಎಂದುಕೊಂಡು ಸಹಿ ಹಾಕಿ, ಊಟ ಮಾಡಿ ಬಂದೆ.

ಆವತ್ತು ಮಧ್ಯಾಹ್ನ ಊಟದ ಹೊತ್ತು ಕಳೆದಿತ್ತು. ಪೇಟೆಯಲ್ಲಿ ಕೊಡೆ, ಚಪ್ಪಲಿ ಮಾರುವ ಅಂಗಡಿಯವರು ಹೆಂಡತಿಯನ್ನು ಆಟೋದಲ್ಲಿ ಕರೆದುಕೊಂಡು ಬಂದರು. ಆಕೆಗೆ ಐವತ್ತರ ಆಸುಪಾಸು. ನನಗೆ ಮುಖಪರಿಚಯವಿತ್ತು, ಅಂಗಡಿಯಲ್ಲಿ ಗಂಡ ಇಲ್ಲದಾಗ ಗಲ್ಲಾಪೆಟ್ಟಿಗೆಯ ಎದುರು ಕೂತು ಗಟ್ಟಿ ಚೌಕಾಸಿ ಮಾಡುವ ಹೆಂಗಸು. ಆವತ್ತು ಬುರ್ಖಾದೊಳಗೆ ಕುಗ್ಗಿ ನಡೆಯುತ್ತಿದ್ದರು.

"ಎಂತ ಆಯ್ತು?" ಎಂದೆ.

"ಎದೆ ಹಿಂಡಿದ ಹಾಗೆ ಆಗ್ತದೆ ಸಿಸ್ಟರ್. ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿದೆ, ಹೋಗ್ಲಿಲ್ಲ."

ಗಂಡನನ್ನು ಹೊರಗೆ ನಿಲ್ಲಿಸಿ ಮಂಚದ ಮೇಲೆ ಮಲಗಿಸಿದೆ. ಅವರು ಬುರ್ಖಾ ತೆಗೆದು ಮಡಿಸಿ ಕಾಲಬದಿಗೆ ಇಟ್ಟರು. ಒಳಗೆ ಮನೆಯಲ್ಲಿ ಉಡುವ ನೈಟಿ, ಎದುರಿಗೆ ಜಿಪ್ಪು. ನಾನು ಜೆಲ್ಲಿನ ಡಬ್ಬಿ ತೆಗೆದುಕೊಳ್ಳುವಷ್ಟರಲ್ಲಿ ಅವರೇ ಜಿಪ್ಪಿಗೆ ಕೈ ಹಾಕಿದ್ದರು. ನಾನು ಆ ಕೈಯನ್ನು ಹಿಡಿದೆ. "ಬೇಡ ಬೇಡ, ತೆಗೆಯೋದೇನೂ ಬೇಡ. ನಾನು ಹಾಗೇ ಮಾಡ್ತೇನೆ," ಎಂದೆ. ಎಷ್ಟು ಮಮತೆಯಿಂದ ಹೇಳಿದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಬುರ್ಖಾ ಹಾಕುವ ಹೆಂಗಸು, ಪಾಪ, ಎಷ್ಟು ಸಂಕೋಚವಾಗುತ್ತದೋ ಎಂದು ನಾನೇ ಅವರ ಪರವಾಗಿ ತೀರ್ಮಾನಿಸಿದ್ದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, "ಹೌದಾ, ಆಯ್ತು," ಎಂದರು.

ಕತ್ತಿನ ಕಡೆಯಿಂದ ಕೈ ಇಳಿಸಿ ಆರು ಬಲ್ಬನ್ನೂ ಸಿಕ್ಕಿದಲ್ಲಿ ಒತ್ತಿದೆ. ಡಾಕ್ಟರು ಇನ್ನೂ ಮೂವತ್ತು ತುಂಬದವರು, ಆದರೆ ಜಾಗ್ರತೆಯ ಮನುಷ್ಯ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಅಂಥದ್ದೇನೂ ಕಾಣ್ತಾ ಇಲ್ಲ. ಆದ್ರೂ ಅರ್ಧ ಗಂಟೆ ಬಿಟ್ಟು ಇನ್ನೊಂದು ತೆಗೀರಿ ಸಿಸ್ಟರ್," ಎಂದರು. ಅರ್ಧ ಗಂಟೆ ಬಿಟ್ಟು ಇನ್ನೊಂದನ್ನು ಅದೇ ಕ್ರಮದಲ್ಲಿ ತೆಗೆದೆ. ಎರಡೂ ಒಂದೇ ಥರ ಬಂದವು. ಬರದೆ ಏನು, ಎರಡೂ ಒಂದೇ ತಪ್ಪು ಜಾಗದ್ದಲ್ಲವೇ. ಹೃದಯಾಘಾತವೇ ಎಂದು ತಿಳಿಯಲು ರಕ್ತ ಹಾಕಿ ನೋಡುವ ಕಾರ್ಡಿನಲ್ಲೂ ಏನೂ ಬರಲಿಲ್ಲ. ನೋವು ಶುರುವಾಗಿ ಒಂದೆರಡು ಗಂಟೆಯಷ್ಟೇ ಆಗಿದ್ದರೆ ಅದು ತೋರಿಸದೆ ಇರಬಹುದು, ಆಗ ಡಾಕ್ಟರಿಗೆ ಇಸಿಜಿಯೇ ಆಧಾರ. ಗ್ಯಾಸಿನ ಮಾತ್ರೆ ಬರೆದು, ಮತ್ತೆ ನೋವು ಬಂದರೆ ತಕ್ಷಣ ಬನ್ನಿ ಎಂದು ಹೇಳಿ ಕಳಿಸಿದರು.

ಮಾರನೆಯ ದಿನ ನಾನು ಡ್ಯೂಟಿಗೆ ಬಂದು ಕೊಡೆ ಮೂಲೆಗಿಡುವ ಮೊದಲೇ ಅದೇ ಆಟೋ ಬಂತು. ಆಕೆಯ ಮೈಯೆಲ್ಲ ಬೆವರು, ಕೈ ತಣ್ಣಗಾಗಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ರಾತ್ರಿಯಿಡೀ ನೋವಿತ್ತಂತೆ. ಡಾಕ್ಟರು ನಿನ್ನೆಯಷ್ಟೇ ಏನಿಲ್ಲ ಎಂದಿದ್ದಾರಲ್ಲ, ಸುಮ್ಮನೆ ಯಾರಿಗೆ ತೊಂದರೆ ಎಂದು ಸಹಿಸಿಕೊಂಡಿದ್ದರಂತೆ. ಈ ಸಲ ಕೇಳಲೂ ಇಲ್ಲ, ಜಿಪ್ಪು ಎಳೆದು, ಪಕ್ಕೆಲುಬು ಎಣಿಸಿ, ಒಂದೊಂದನ್ನೂ ಅದರ ಜಾಗದಲ್ಲಿ ಇಟ್ಟೆ. ಯಂತ್ರದಿಂದ ಕಾಗದ ಹೊರಬರುತ್ತಿದ್ದ ಹಾಗೇ ನನಗೆ ಗೊತ್ತಾಯಿತು. ಹೃದಯದ ಎದುರುಭಾಗಕ್ಕೆ ದೊಡ್ಡ ಏಟು ಬಿದ್ದಿತ್ತು. ಇಷ್ಟು ವರ್ಷದ ಮೇಲೆ ಅದನ್ನು ಓದಲು ನನಗೆ ಡಾಕ್ಟರು ಬೇಕಿರಲಿಲ್ಲ.

ಅಗಿಯುವ ಮಾತ್ರೆ ಕೊಟ್ಟು, ಆಕ್ಸಿಜನ್ ಹಾಕಿ, ಕೈಗೆ ಸೂಜಿ ಚುಚ್ಚಿ ಡ್ರಿಪ್ಪಿಗೆ ದಾರಿ ಮಾಡಿ, ಆಂಬುಲೆನ್ಸಿಗೆ ಫೋನು ಮಾಡಿದ್ದಾಯಿತು. ಆ ಗಡಿಬಿಡಿಯ ನಡುವೆ ಡಾಕ್ಟರು ನಿನ್ನೆಯ ಕಾಗದ ತರಿಸಿ ಇವತ್ತಿನದರ ಪಕ್ಕದಲ್ಲಿ ಮೇಜಿನ ಮೇಲೆ ಹರಡಿದರು. "ಸಿಸ್ಟರ್, ನಿನ್ನೆದು ಯಾಕೆ ಹೀಗಿದೆ? ಎದೆಯ ಬಲ್ಬು ಎಲ್ಲಿ ಹಾಕಿದ್ರಿ?" ಎಂದು ಕೇಳಿದರು. ಬೈಯುವ ಸ್ವರವಲ್ಲ, ತಿಳಿದುಕೊಳ್ಳುವ ಸ್ವರ. ಆಕೆಯ ಗಂಡ ಅಲ್ಲೇ ಬಾಗಿಲಲ್ಲಿ ನಿಂತಿದ್ದರು.

"ನಿನ್ನೆ ಅವರು ಬಟ್ಟೆ ಸರಿಸ್ಲಿಕ್ಕೆ ಒಪ್ಪಲೇ ಇಲ್ಲ ಡಾಕ್ಟ್ರೆ," ಎಂದೆ.

ಯೋಚಿಸಿ ಹೇಳಿದ್ದಲ್ಲ. ನಾಲಿಗೆಯ ತುದಿಯಲ್ಲೇ ಇತ್ತು, ಬಿತ್ತು. ಹುಡುಕಿದ್ದರೂ ಇಷ್ಟು ಸಲೀಸಾದ ಸುಳ್ಳು ಸಿಗುತ್ತಿರಲಿಲ್ಲ. ಬುರ್ಖಾ ನೋಡಿದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಡಾಕ್ಟರು ತುಟಿ ಕಚ್ಚಿ ತಲೆಯಾಡಿಸಿದರು. ನಮ್ಮ ಕೇರಿಯ, ನಮ್ಮ ಪೈಕಿಯ ಹೆಂಗಸಾಗಿದ್ದರೆ ಈ ಸುಳ್ಳು ಹೇಳುವ ಧೈರ್ಯ ನನಗೆ ಬರುತ್ತಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬರುತ್ತಿರಲಿಲ್ಲ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ.

ಗಂಡ ಮಂಚದ ಹತ್ತಿರ ಬಂದರು. ಹೆದರಿದ ಗಂಡಸು ಕೋಪ ಮಾಡುವುದನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. "ಜೀವಕ್ಕಿಂತ ನಾಚಿಕೆ ದೊಡ್ಡದಾಯ್ತಾ ನಿಂಗೆ?" ಎಂದು ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಆಕೆ ಆಕ್ಸಿಜನ್ ಮಾಸ್ಕಿನ ಮೇಲಿಂದ ಮೊದಲು ಗಂಡನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಡ್ರಿಪ್ಪಿನ ಹನಿ ಎಣಿಸುವವಳ ಹಾಗೆ ತಲೆ ಎತ್ತಿ ನಿಂತೆ.

ಶಿವಮೊಗ್ಗದಲ್ಲಿ ಆಂಜಿಯೋಗ್ರಾಂ ಮಾಡಿ, ಮುಚ್ಚಿದ ರಕ್ತನಾಳಕ್ಕೆ ಸ್ಟೆಂಟು ಹಾಕಿದರು. ಜೀವ ಉಳಿಯಿತು. ಆದರೆ ತಡವಾಗಿತ್ತು, ಒಂದು ರಾತ್ರಿಯಲ್ಲಿ ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಹೃದಯ ಪಂಪು ಮಾಡುವ ಶಕ್ತಿ ಅರ್ಧಕ್ಕೆ ಇಳಿದಿದೆ ಎಂದು ಹೃದಯದ ಸ್ಕ್ಯಾನು, ಎಕೋ ರಿಪೋರ್ಟಿನಲ್ಲಿ ಬಂತು. ಅಂಗಡಿಯ ಗಲ್ಲಾಪೆಟ್ಟಿಗೆಯ ಎದುರು ಕೂತು ಚೌಕಾಸಿ ಮಾಡುತ್ತಿದ್ದ ಹೆಂಗಸು ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ನಿಲ್ಲುವಂತಾದರು. ಮಲಗಲು ಮೂರು ದಿಂಬು ಬೇಕಾಯಿತು.

ತಿಂಗಳಿಗೊಮ್ಮೆ ಅವರು ನನ್ನ ಹತ್ತಿರವೇ ಬರುತ್ತಿದ್ದರು. ಬಿಪಿ ನೋಡುವುದು, ತೂಕ ನೋಡುವುದು, ಪಾದದ ಮೇಲೆ ಹೆಬ್ಬೆರಳು ಒತ್ತಿ ಗುಳಿ ಬೀಳುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಗುಳಿ ಬಿದ್ದರೆ ಮೈಯಲ್ಲಿ ನೀರು ನಿಂತಿದೆ ಎಂದು ಅರ್ಥ, ನೀರಿಳಿಸುವ ಮಾತ್ರೆ ಹೆಚ್ಚು ಮಾಡಬೇಕು. ನಾನು ಅವರನ್ನು ಸಾಲಿನಲ್ಲಿ ನಿಲ್ಲಿಸುತ್ತಿರಲಿಲ್ಲ. ದಿನಾ ಬೆಳಿಗ್ಗೆ ತೂಕ ನೋಡಿ ಬರೆಯಲು ಪುಸ್ತಕ ಗೀಟು ಹಾಕಿ ಕೊಟ್ಟೆ. ಉಪ್ಪಿನಕಾಯಿ ಮುಟ್ಟಬಾರದು, ಹಪ್ಪಳ ಮುಟ್ಟಬಾರದು ಎಂದು ಮನೆಗೆ ಹೋಗಿ ಸೊಸೆಗೂ ಹೇಳಿ ಬಂದೆ. ಬೇರೆಯವರಿಗೆ ಅದು ಸೇವೆಯ ಹಾಗೆ ಕಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೆಯೇ ಎಂದು ನನಗೊಬ್ಬಳಿಗೆ ಗೊತ್ತಿತ್ತು.

ಗಂಡ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳುತ್ತಿದ್ದರು. "ಇವಳ ನಾಚಿಕೆಯಿಂದ ಇಷ್ಟೆಲ್ಲಾ ಆದದ್ದು. ಸಿಸ್ಟರ್ ಎಷ್ಟು ಹೇಳಿದ್ರೂ ಕೇಳ್ಲಿಲ್ಲ." ಆಕೆ ಪಕ್ಕದಲ್ಲೇ ಕೂತು ತಮ್ಮ ಕೈಬೆರಳು ನೋಡಿಕೊಳ್ಳುತ್ತಿದ್ದರು. ಒಂದು ಸಲ ಗಂಡ ನನಗೆಂದು ಒಳ್ಳೆಯದೊಂದು ಜೊತೆ ಚಪ್ಪಲಿ ತಂದುಕೊಟ್ಟರು, ಜಾರುವುದಿಲ್ಲ ಸಿಸ್ಟರ್, ನಿಮಗೆ ನಡೆಯೋ ಕೆಲಸ ಅಲ್ಲವಾ ಎಂದು. ಬೇಡವೆನ್ನಲು ಕಾರಣ ಬೇಕಿತ್ತು, ಕಾರಣ ಹೇಳಲು ಬಾಯಿ ಬರಲಿಲ್ಲ. ತೆಗೆದುಕೊಂಡೆ. ಹಾಕಿಕೊಂಡೆ ಕೂಡ, ಅಷ್ಟು ದಪ್ಪ ಚರ್ಮ ನನ್ನದು.

ಹೀಗೆ ಎರಡು ವರ್ಷ ಕಳೆದ ಮೇಲೆ ಬಾಳೆಹೊನ್ನೂರಿನ ಶಾಲೆಯೊಂದರಲ್ಲಿ ಹೃದಯ ತಪಾಸಣೆಯ ಶಿಬಿರ ಬಂತು. ಎಕೋ ಯಂತ್ರ ಬರುತ್ತದೆ, ಬಂದು ತೋರಿಸಿಕೊಳ್ಳಿ ಎಂದು ಆಕೆಗೆ ನಾನೇ ಹೇಳಿದ್ದೆ. ಅವರ ತಂಗಿಯ ಮನೆ ಅಲ್ಲೇ ಇತ್ತು. ತಪಾಸಣೆಗೆ ಮೊದಲು ನಮ್ಮ ಡಾಕ್ಟರು ಹೆಂಗಸರಿಗೆ ನಾಲ್ಕು ಮಾತು ಹೇಳಿದರು. ಎದೆನೋವೆಲ್ಲ ಗ್ಯಾಸ್ ಅಲ್ಲ ಎಂದರು. ಬೆನ್ನು ನೋವು, ದವಡೆ ನೋವು, ಸುಮ್ಮನೆ ಬೆವರುವುದು, ಇವನ್ನೂ ನಿರ್ಲಕ್ಷ್ಯ ಮಾಡಬೇಡಿ ಎಂದರು. ಎಲ್ಲ ಸರಿಯಾದ ಮಾತೇ. ನಂತರ, "ಇಸಿಜಿ ತೆಗೆಯುವಾಗ ನಾಚಿಕೆ ಬೇಡ," ಎಂದು ಶುರು ಮಾಡಿದರು. "ನಮ್ಮಲ್ಲೇ ಒಬ್ಬರು ಬಟ್ಟೆ ಸರಿಸ್ಲಿಕ್ಕೆ ಒಪ್ಪಲಿಲ್ಲ. ಸಿಸ್ಟರ್ ಹೇಳಿದ್ರೂ ಕೇಳಲಿಲ್ಲ. ಇವತ್ತು ಅವರ ಹೃದಯ ಅರ್ಧ ಕೆಲಸ ಮಾಡ್ತಾ ಇದೆ. ಅವರ ಹಾಗೆ ಮಾಡ್ಬೇಡಿ."

"ಬುರ್ಖಾದವರಾ ಡಾಕ್ಟ್ರೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ಕೆಲವರು ನಕ್ಕರು.

"ಯಾರಾದ್ರೇನು," ಎಂದು ಡಾಕ್ಟರು ಮುಂದಕ್ಕೆ ಹೋದರು. ಆಕೆ ಮೂರನೆಯ ಸಾಲಿನಲ್ಲಿ ತಂಗಿಯ ಪಕ್ಕದಲ್ಲಿ ಕೂತಿದ್ದಾರೆಂದು ಅವರು ಗಮನಿಸಿರಲಿಲ್ಲ. ನಾನು ಗಮನಿಸಿದ್ದೆ. ಬುರ್ಖಾದಲ್ಲಿದ್ದ ಐದಾರು ಹೆಂಗಸರ ಕಡೆಗೆ ಉಳಿದವರ ತಲೆಗಳು ತಿರುಗಿದವು. ಆಕೆ ಎದುರಿನ ಬೆಂಚನ್ನೇ ನೋಡುತ್ತಿದ್ದರು. ನಾನು ಯಂತ್ರದ ಪಕ್ಕದಲ್ಲಿ, ಕೈಯಲ್ಲಿ ಬಲ್ಬುಗಳನ್ನು ಹಿಡಿದು, ಭೂಮಿ ಬಾಯಿಬಿಡಬಾರದೇ ಎಂದುಕೊಂಡು ನಿಂತಿದ್ದೆ. ಅಷ್ಟು ಹೊತ್ತಿಗೂ ಬಾಯಿ ಬಿಡಬೇಕಾದದ್ದು ನಾನು, ಭೂಮಿಯಲ್ಲ.

ಎಕೋಗೆ ಮೊದಲು ಎಲ್ಲರಿಗೂ ಇಸಿಜಿ. ಆಕೆಯ ಸರದಿ ಬಂದಾಗ ಪರದೆ ಎಳೆದೆ. ಅವರು ಮಂಚದ ಮೇಲೆ ಕೂತು ತಾವೇ ಒಂದೊಂದಾಗಿ ಗುಂಡಿ ಬಿಚ್ಚಿದರು. ಮಲಗಿಕೊಂಡು, "ಇಷ್ಟು ಸಾಕಾ ಸಿಸ್ಟರ್?" ಎಂದು ಕೇಳಿದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಏನಾದರೊಂದು ತಿರುಗಿಸಿ ಹೇಳುತ್ತಿದ್ದೆ.

ಪಕ್ಕೆಲುಬು ಎಣಿಸಲು ಬೆರಳು ಇಟ್ಟೆ. ಎರಡನೆಯದಕ್ಕೇ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಆಮೇಲೆ ಕೈ ಅಲ್ಲೇ ಇಟ್ಟುಕೊಂಡು, ಮೆಲ್ಲಗೆ, ಪರದೆಯ ಆಚೆ ಕೇಳದ ಹಾಗೆ ಹೇಳಿದೆ. "ಅವತ್ತು ನೀವು ಜಿಪ್ಪಿಗೆ ಕೈ ಹಾಕಿದ್ರಿ. ಬೇಡ ಅಂದವಳು ನಾನು. ತಪ್ಪು ಜಾಗದಲ್ಲಿ ಇಟ್ಟವಳೂ ನಾನೇ. ನೀವು ಒಪ್ಪಲಿಲ್ಲ ಅಂತ ಸುಳ್ಳು ಹೇಳಿದೆ." ಹೇಳುವಾಗ ಅಳು ಬಂತು. ಅದೂ ನಾಚಿಕೆಗೇಡು, ಅಳಬೇಕಾದವರು ಯಾರು, ಅಳುತ್ತಿರುವವಳು ಯಾರು.

ಅವರು ಸೂರು ನೋಡುತ್ತಲೇ ಮಾತಾಡಿದರು. "ನನಗ್ಯಾಕೆ ಹೇಳ್ತೀರಿ ಸಿಸ್ಟರ್," ಎಂದರು, "ನಾನು ಅಲ್ಲೇ ಇದ್ದೆನಲ್ಲ."

ನಾನು ತೋಳಿನಿಂದ ಕಣ್ಣು ಒರೆಸಿಕೊಂಡೆ.

"ಹೇಳೋದಾದ್ರೆ ನಮ್ಮನೆಯವರಿಗೆ ಹೇಳಿ. ಈಗ ಮೆಷಿನ್ ಹಾಕಿ, ಹೊರಗೆ ಜನ ಕಾಯ್ತಾ ಇದಾರೆ."

ಡಾಕ್ಟರಿಗೆ ಅದೇ ದಿನ, ವಾಪಸು ಬರುವಾಗ ಜೀಪಿನಲ್ಲಿ ಹೇಳಿದೆ. ಅವರು, "ನಾನೂ ಪರದೆ ಸರಿಸಿ ಒಂದು ಸಲ ನೋಡ್ಬೇಕಿತ್ತು," ಎಂದರು. ಮರುದಿನವೇ ನಡೆದದ್ದನ್ನು ನನ್ನಿಂದ ಬರೆಸಿಕೊಂಡು ಮೇಲಿನವರಿಗೆ ಕಳಿಸಿದರು. ನನಗೆ ಮೆಮೊ ಬಂತು, ಇಸಿಜಿ ಕೋಣೆಯಲ್ಲಿ ಎಲ್ಲರೂ ಎದೆ ತೆರೆದು ಎಣಿಸಿಯೇ ಇಡಬೇಕು ಎಂದು ನಿಯಮವಾಯಿತು. ಈಗ ಹೆಂಗಸರಿಗೆ ಒಂದು ಶುಭ್ರ ಬಟ್ಟೆ ಹೊದಿಸಿ, ಹೀಗೆ ಮಾಡುತ್ತೇನೆ, ಆಗಬಹುದಾ ಎಂದು ಕೇಳಿ ಮಾಡುತ್ತೇನೆ. ಕೇಳಿದವರಲ್ಲಿ ಹೆಚ್ಚಿನವರು, "ಅದಕ್ಕೇನು, ಮಾಡಿ," ಎನ್ನುತ್ತಾರೆ. ನಮ್ಮ ಕಡೆ ಹೆಂಗಸರೇ ಬೇರೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಮೆಮೊ ಓದಿ ಸಹಿ ಹಾಕುವುದು ಕಷ್ಟವಾಗಲಿಲ್ಲ. ಅಂಗಡಿಯ ಕಡೆ ಹೋಗುವುದು ಕಷ್ಟವಾಯಿತು.

ಹನ್ನೊಂದು ದಿನ ಮುಂದೂಡಿದೆ. ಸಂತೆಯ ದಿನ ಜನ ಜಾಸ್ತಿ, ಶುಕ್ರವಾರ ನಮಾಜಿಗೆ ಹೋಗಿರುತ್ತಾರೆ, ಇವತ್ತು ನನಗೆ ತಲೆನೋವು. ಒಂದು ದಿನ ಅಂಗಡಿಯ ಎದುರು ತನಕ ಹೋಗಿ, ಪಕ್ಕದ ಅಂಗಡಿಯಲ್ಲಿ ಬೇಡದ ಸಾಬೂನು ಕೊಂಡು ವಾಪಸು ಬಂದೆ. ಕೊನೆಗೆ ಒಂದು ಬೆಳಿಗ್ಗೆ ಹೋದೆ. ಆಕೆಯ ಗಂಡ ನೆಲದ ಮೇಲೆ ಕೂತು ಹೊಸ ಚಪ್ಪಲಿಗಳನ್ನು ಜೊತೆ ಮಾಡುತ್ತಿದ್ದರು. ಗಿರಾಕಿಗಳು ಯಾರೂ ಇರಲಿಲ್ಲ.

"ಬನ್ನಿ ಸಿಸ್ಟರ್, ಕೂತ್ಕೊಳ್ಳಿ. ಎಂತ, ಪಟ್ಟಿ ಕಿತ್ತು ಹೋಯ್ತಾ?" ಎಂದು ಸ್ಟೂಲು ಎಳೆದರು. ಚಹಾಕ್ಕೆ ಎದುರಿನ ಹೋಟೆಲಿನ ಕಡೆ ಕೈಸನ್ನೆ ಮಾಡಿದರು.

ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಶುರುವಾಗುತ್ತದೆ ಎಂದು ನನ್ನ ಬಗ್ಗೆ ನನಗೆ ಗೊತ್ತಿತ್ತು. ನಿಂತೇ ಹೇಳಿದೆ. ಜಿಪ್ಪಿಗೆ ಆಕೆ ಕೈ ಹಾಕಿದ್ದನ್ನು, ನಾನು ಹಿಡಿದು ತಡೆದದ್ದನ್ನು, ಎರಡನೆಯ ಸಲವೂ ಹಾಗೆಯೇ ಮಾಡಿದ್ದನ್ನು, ಮರುದಿನ ಅವರೆದುರಿಗೇ ಸುಳ್ಳು ಹೇಳಿದ್ದನ್ನು. ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿದ ಮೇಲೆ ಅವರು ಬೈಯಲಿ ಎಂದು ಕಾಯುತ್ತಾ ನಿಂತೆ. ಪೇಟೆಗೆಲ್ಲ ಕೇಳುವ ಹಾಗೆ ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ.

ಅವರು ಬೈಯಲಿಲ್ಲ. ಕೈಯಲ್ಲಿದ್ದ ಎರಡು ಚಪ್ಪಲಿಯನ್ನು ಕೆಳಗಿಟ್ಟರು. ಅವು ಜೊತೆಯವಲ್ಲ, ಒಂದು ದೊಡ್ಡದು ಒಂದು ಚಿಕ್ಕದು, ಅದನ್ನು ಅವರು ನೋಡಲೂ ಇಲ್ಲ. ಚಹಾ ಬಂತು. ಅದನ್ನು ಇಬ್ಬರೂ ಮುಟ್ಟಲಿಲ್ಲ.

"ಅವಳು ನಂಗೆ ಹೇಳಿದ್ಲು ಸಿಸ್ಟರ್," ಎಂದರು. "ಶಿವಮೊಗ್ಗದಲ್ಲಿ, ಆಸ್ಪತ್ರೆ ಮಂಚದ ಮೇಲೇ ಹೇಳಿದ್ಲು. ನಾನು ಬೇಡ ಅನ್ಲಿಲ್ಲ, ಸಿಸ್ಟರೇ ಬೇಡ ಅಂದಿದ್ದು ಅಂತ. ಮನೆಗೆ ಬಂದ ಮೇಲೂ ಎರಡು ಸಲ ಹೇಳಿದ್ಲು. ಸಿಸ್ಟರ್ ಯಾಕೆ ಸುಳ್ಳು ಹೇಳ್ತಾರೆ, ನೀನೇ ಸುಳ್ಳಿ ಅಂದೆ. ಆಮೇಲೆ ಅವಳು ಹೇಳೋದು ಬಿಟ್ಲು."